ಪದವಿಯಲ್ಲಿ ಗಣಿತ ಓದದವರು ಗಣಕೀಯ ರಸಾಯನಶಾಸ್ತ್ರದಲ್ಲಿ ಪಿಎಚ್.ಡಿ. ಮಾಡಬಹುದೇ?

ಎಂ.ಎಸ್‌ಸಿ. ಅಂತಿಮ ವರ್ಷದಲ್ಲಿರುವ ತಾವು, ಪದವಿಯಲ್ಲಿ ಗಣಿತವಿಲ್ಲದೆಯೂ ಕ್ರಿಯಾವರ್ಧಕಗಳ (ರಾಸಾಯನಿಕ ಕ್ರಿಯೆಯ ವೇಗ ಹೆಚ್ಚಿಸುವ ವಸ್ತುಗಳ) ಗಣಕೀಯ ಸಂಶೋಧನೆಗೆ, ಎಂದರೆ ಅವುಗಳ ವರ್ತನೆಯನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ಅರಿಯುವ ಕೆಲಸಕ್ಕೆ, ಬರಬಹುದೇ ಎಂದು ಕೇಳಿದ್ದೀರಿ. ಖಂಡಿತ ಬರಬಹುದು. ನಾನೂ ಉಡುಪಿಯಲ್ಲಿ ಸಿಬಿಝಡ್ (ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ) ಓದಿ, ಕೊಣಾಜೆಯಲ್ಲಿ ಎಂ.ಎಸ್‌ಸಿ. ಮುಗಿಸಿ, ಈಗ ಸುರತ್ಕಲ್‌ನಲ್ಲಿ ಇದೇ ವಿಷಯದಲ್ಲಿ ಪಿಎಚ್.ಡಿ. ಮಾಡುತ್ತಿದ್ದೇನೆ. ಮ್ಯಾಟ್ರಿಕ್ಸ್, ಐಗನ್ ಮೌಲ್ಯ, ಆಂಶಿಕ ಅವಕಲನ, ಇಷ್ಟನ್ನು ಪಟ್ಟಾಗಿ ಕುಳಿತು ಕಲಿತರೆ ಆರಂಭಕ್ಕೆ ಸಾಕು. ಲಿನಕ್ಸ್, ಪೈಥಾನ್ ಕೆಲಸ ಮಾಡುತ್ತಲೇ ಕೈಗೆ ಹತ್ತುತ್ತವೆ. ನಿಜವಾದ ಕಷ್ಟವಿರುವುದು ರಸಾಯನಶಾಸ್ತ್ರದಲ್ಲೇ.

ಪಣಂಬೂರಿನ ಗೊಬ್ಬರದ ಕಾರ್ಖಾನೆಯಲ್ಲಿ ತಯಾರಾಗುವ ಅಮೋನಿಯವನ್ನೇ ತೆಗೆದುಕೊಳ್ಳಿ. ಅದಕ್ಕಾಗಿ ಸಾರಜನಕ ಅಣುವಿನ ತ್ರಿಬಂಧವನ್ನು ಮುರಿಯಲು ಪ್ರತಿ ಮೋಲ್‌ಗೆ ಸುಮಾರು 945 ಕಿಲೋಜೂಲ್ ಶಕ್ತಿ ಬೇಕು. ಕ್ರಿಯಾವರ್ಧಕವಾದ ಕಬ್ಬಿಣದ ಮೇಲ್ಮೈಗೆ ಅಂಟಿಕೊಂಡಾಗ ಅದೇ ಬಂಧ ಸಡಿಲಗೊಳ್ಳುತ್ತದೆ. ಇಡೀ ಕ್ರಿಯೆಯ ವೇಗವನ್ನು ಹಿಡಿದಿಡುವ ಹೆಜ್ಜೆ ಈ ಬಂಧ ಮುರಿಯುವುದೇ ಎಂಬುದನ್ನು, 2007ರಲ್ಲಿ ನೊಬೆಲ್ ಪಡೆದ ಗೆರ್‌ಹಾರ್ಡ್ ಎರ್ಟ್ಲ್ ಪ್ರಯೋಗಗಳಿಂದಲೇ ತೋರಿಸಿದರು. ಇಂದು ಆ ಹೆಜ್ಜೆಯ ಶಕ್ತಿಯನ್ನು ಎಲೆಕ್ಟ್ರಾನ್‌ಗಳ ಸಾಂದ್ರತೆಯಿಂದ ಶಕ್ತಿಯನ್ನು ಕಂಡುಕೊಳ್ಳುವ ಡಿಎಫ್‌ಟಿ ವಿಧಾನದಿಂದ ಲೆಕ್ಕ ಹಾಕಬಹುದು (ಇದರ ಬುನಾದಿ ಹಾಕಿದ ವಾಲ್ಟರ್ ಕೋನ್ ಅವರಿಗೆ 1998ರ ನೊಬೆಲ್ ಬಂತು). ಆದರೆ ಯಾವ ಹೆಜ್ಜೆಯನ್ನು ಲೆಕ್ಕ ಹಾಕಬೇಕೆಂದು ಯಂತ್ರ ಹೇಳುವುದಿಲ್ಲ.

ನಮ್ಮ ದಿನದ ಹೆಚ್ಚಿನ ಪಾಲು ಹೋಗುವುದು ಸಂಕ್ರಮಣ ಸ್ಥಿತಿಯನ್ನು, ಎಂದರೆ ಹಳೆಯ ಬಂಧ ಮುರಿದು ಹೊಸದು ಮೂಡುವ ದಾರಿಯಲ್ಲಿ ಶಕ್ತಿ ಅತಿ ಎತ್ತರದಲ್ಲಿರುವ ಸ್ಥಿತಿಯನ್ನು, ಹುಡುಕುವುದರಲ್ಲಿ. ಅಲ್ಲಿ ಕಂಪನಗಳ ಲೆಕ್ಕದಲ್ಲಿ ಒಂದೇ ಒಂದು ಕಾಲ್ಪನಿಕ ಆವೃತ್ತಿ (ಗಣಿತದ ಅರ್ಥದಲ್ಲಿ ಕಾಲ್ಪನಿಕ ಸಂಖ್ಯೆ) ಇರಬೇಕು. ತಂತ್ರಾಂಶ ಅದನ್ನು ಸಾಮಾನ್ಯವಾಗಿ ಋಣ ಸಂಖ್ಯೆಯಾಗಿ ಮುದ್ರಿಸುತ್ತದೆ. ಅಷ್ಟಕ್ಕೇ ಸಂತೋಷಪಡಬಾರದು. ಆ ಕಂಪನವನ್ನು ಪರದೆಯ ಮೇಲೆ ಚಲಿಸುವಂತೆ ಮಾಡಿ ನೋಡಿದಾಗ, ಮುರಿಯಬೇಕಾದ ಬಂಧ ಹಾಗೆಯೇ ಇದ್ದು, ಮೂಲೆಯಲ್ಲೊಂದು ಮೀಥೈಲ್ ಗುಂಪು ಸುಮ್ಮನೆ ಗಿರಗಿರನೆ ತಿರುಗುತ್ತಿರುವುದೂ ಉಂಟು. ಸಂಖ್ಯೆ ಸರಿಯಿದ್ದರೂ ಅದು ನಮಗೆ ಬೇಕಾದ ಸ್ಥಿತಿಯಲ್ಲ.

ಫಲಿತಾಂಶವನ್ನು ಎಷ್ಟು ನಂಬಬೇಕೆಂಬ ಅಂದಾಜೂ ಬೇಕು. ಕೋಣೆಯ ಉಷ್ಣಾಂಶದಲ್ಲಿ ಸಕ್ರಿಯಣ ಶಕ್ತಿಯ (ಕ್ರಿಯೆ ನಡೆಯಲು ದಾಟಬೇಕಾದ ಶಕ್ತಿಯ ತಡೆಯ) ಲೆಕ್ಕ ಮೋಲ್‌ಗೆ ಸುಮಾರು 1.4 ಕಿಲೋಕ್ಯಾಲರಿಯಷ್ಟು ತಪ್ಪಿದರೆ ಕ್ರಿಯೆಯ ವೇಗ ಹತ್ತು ಪಟ್ಟು ತಪ್ಪುತ್ತದೆ, ಡಿಎಫ್‌ಟಿಯಲ್ಲಿ ಅಷ್ಟು ದೋಷ ಅಪರೂಪವೇನಲ್ಲ. ಆದ್ದರಿಂದ ಒಂದೇ ಬಗೆಯ ಕ್ರಿಯಾವರ್ಧಕಗಳನ್ನು ಪರಸ್ಪರ ಹೋಲಿಸುವುದು, ಒಂದರ ವೇಗವನ್ನು ಕರಾರುವಾಕ್ಕಾಗಿ ಹೇಳಹೊರಡುವುದಕ್ಕಿಂತ ಸುರಕ್ಷಿತ. ದೋಷಗಳು ಬಹುಮಟ್ಟಿಗೆ ಪರಸ್ಪರ ಕಳೆದುಹೋಗುತ್ತವೆ.

ಪ್ರವೇಶಕ್ಕೆ ಸಿಎಸ್‌ಐಆರ್-ನೆಟ್ ಅಥವಾ ಗೇಟ್ ಪರೀಕ್ಷೆ ಬರೆಯಿರಿ, ಅದರ ಬಗ್ಗೆ ಹೇಳುವುದು ಹೆಚ್ಚಿಲ್ಲ. ಡಿಎಫ್‌ಟಿ ಲೆಕ್ಕದ ತಂತ್ರಾಂಶವಾದ ಕ್ವಾಂಟಮ್ ಎಸ್ಪ್ರೆಸ್ಸೊ ಉಚಿತವಾಗಿ ಸಿಗುತ್ತದೆ. ಸಣ್ಣ ಅಣುಗಳನ್ನು ನಿಮ್ಮ ಲ್ಯಾಪ್‌ಟಾಪ್‌ನಲ್ಲೇ ಓಡಿಸಿ ನೋಡಬಹುದು. ಮಾರ್ಗದರ್ಶಕರನ್ನು ಆರಿಸುವ ಮುನ್ನ ಅವರ ವಿದ್ಯಾರ್ಥಿಗಳನ್ನೇ ಕಂಡು, ಕ್ಲಸ್ಟರ್‌ನಲ್ಲಿ (ಒಟ್ಟಾಗಿ ಲೆಕ್ಕ ಹಾಕುವ ಕಂಪ್ಯೂಟರ್‌ಗಳ ಗುಂಪಿನಲ್ಲಿ) ಒಂದು ಜಾಬ್, ಎಂದರೆ ಒಪ್ಪಿಸಿದ ಒಂದು ಲೆಕ್ಕ, ಎಷ್ಟು ದಿನ ಸರದಿಯಲ್ಲಿ ಕಾಯುತ್ತದೆ, ಪ್ರಯೋಗಾಲಯದಲ್ಲಿ ದುಡಿಯುವ ಯಾವ ತಂಡದೊಂದಿಗೆ ಒಡನಾಟವಿದೆ ಎಂಬುದನ್ನು ನೇರವಾಗಿ ಕೇಳಿ ತಿಳಿದುಕೊಳ್ಳಿ.