ಬಿಟ್ಟು ಹೋಗದ್ದಕ್ಕೆಲ್ಲ ‘ಪರ್ಸಿಸ್ಟೆಂಟ್’ ಸಾಕೇ?

ಪ್ರಶ್ನೆ: ನಾನು ಕನ್ನಡ ವರದಿಗಳನ್ನು ಇಂಗ್ಲಿಷಿಗೆ ಅನುವಾದಿಸುತ್ತೇನೆ. ಬಿಡದ ಕೆಮ್ಮು, ಹೋಗದ ಕಲೆ, ತೀರದ ಅನುಮಾನ, ಕೋಣೆಯಲ್ಲಿ ಉಳಿದ ವಾಸನೆ, ಎಲ್ಲಕ್ಕೂ ‘ಪರ್ಸಿಸ್ಟೆಂಟ್’ ಎಂದೇ ಬರೆಯುತ್ತೇನೆ. ತಿದ್ದುವವರು ಒಮ್ಮೆ ‘ಲಿಂಗರಿಂಗ್’, ಇನ್ನೊಮ್ಮೆ ‘ಸ್ಟಬರ್ನ್’ ಮಾಡುತ್ತಾರೆ, ಕಾರಣ ಹೇಳುವುದಿಲ್ಲ. ‘ಕ್ರಾನಿಕ್’ ಎಂದರೆ ತೀವ್ರ ಎಂದುಕೊಂಡು ಎರಡು ವಾರದ ಕೆಮ್ಮಿಗೆ ಬಳಸಿದ್ದೆ, ಅದನ್ನೂ ಹೊಡೆದುಹಾಕಿದರು. ವ್ಯತ್ಯಾಸವೇನು?

ಉತ್ತರ: ಅವರು ತಿದ್ದಿದ್ದು ಸರಿ, ಕಾರಣ ಹೇಳದಿದ್ದದ್ದು ಸರಿಯಲ್ಲ. ಕನ್ನಡದಲ್ಲಿ ನಾವು ‘ಬಿಡು’, ‘ಹೋಗು’ ಎಂಬ ಎರಡು ಕ್ರಿಯಾಪದಗಳಲ್ಲೇ ಬಹುಪಾಲು ಕೆಲಸ ಮುಗಿಸುತ್ತೇವೆ. ಜ್ವರ ಬಿಡಲಿಲ್ಲ, ಮಳೆ ಬಿಡಲಿಲ್ಲ, ಚಟ ಬಿಡಲಿಲ್ಲ, ಕಲೆ ಹೋಗಲಿಲ್ಲ. ಇಂಗ್ಲಿಷಿಗೆ ಹೋಗುವಾಗ ಎಷ್ಟು ದಿನ ಉಳಿಯಿತು ಎನ್ನುವುದಕ್ಕಿಂತ ಹೇಗೆ ಉಳಿದಿದೆ ಎಂದು ಕೇಳಿಕೊಳ್ಳಿ.

‘ಲಿಂಗರ್’ ಎಂಬುದು ‘ಲಾಂಗ್’ ಪದದ ನೆಂಟ. ಹೊರಟು ನಿಂತ ನೆಂಟರು ಹೊಸ್ತಿಲಲ್ಲೇ ಮಾತು ಮುಂದುವರಿಸುತ್ತಾರಲ್ಲ, ಆ ಥರದ ಉಳಿಯುವಿಕೆ ಇದು. ಕಸುವು ಇಳಿದಿದೆ, ಪೂರ್ತಿ ಹೋಗಿಲ್ಲ. ಹೊಗೆ ಆರಿದ ಮೇಲೂ ಉಳಿದ ವಾಸನೆ, ಉತ್ತರ ಸಿಕ್ಕ ಮೇಲೂ ಮನಸ್ಸಿನ ಮೂಲೆಯಲ್ಲಿ ಕೂತ ಅನುಮಾನ ‘ಲಿಂಗರಿಂಗ್’. ಮೂರು ದಿನದಿಂದ 102 ಡಿಗ್ರಿಯಲ್ಲೇ ನಿಂತ ಜ್ವರ ಲಿಂಗರಿಂಗ್ ಅಲ್ಲ, ಅದು ಪರ್ಸಿಸ್ಟೆಂಟ್. ಸುಖದ ಸಂದರ್ಭಕ್ಕೂ ಲಿಂಗರ್ ಒಗ್ಗುತ್ತದೆ: ಊಟ ಮುಗಿದರೂ ಏಳದೆ ಹರಟುವವರು ‘ಲಿಂಗರ್’ ಮಾಡುತ್ತಾರೆ. ಆದರೆ ‘ಲಿಂಗರಿಂಗ್ ಡೆತ್’ ಎಂದರೆ ನರಳಿ ನರಳಿ ಬಂದ ಸಾವು. ಶ್ರದ್ಧಾಂಜಲಿ ಬರಹದಲ್ಲಿ ಜೋಪಾನ.

‘ಪರ್ಸಿಸ್ಟ್’ ಲ್ಯಾಟಿನ್ನಿನಿಂದ ಬಂದದ್ದು. ಅದರ ಮೂಲದಲ್ಲಿ ‘ನಿಲ್ಲು’ ಎಂಬ ಅರ್ಥವಿದೆ. ಕಡಿಮೆಯಾಗದೆ ನಿಂತದ್ದಕ್ಕೂ, ಮತ್ತೆ ಮತ್ತೆ ಬರುವುದಕ್ಕೂ ಅದು ಸಲ್ಲುತ್ತದೆ. ಬೇಡವೆಂದರೂ ಬರುವ ಫೋನ್ ಕರೆಗಳು ‘ಪರ್ಸಿಸ್ಟೆಂಟ್ ಕಾಲ್ಸ್’. ಔಷಧಿಯ ಡಬ್ಬಿಯ ಮೇಲೆ ‘ಇಫ್ ಸಿಂಪ್ಟಮ್ಸ್ ಪರ್ಸಿಸ್ಟ್’ ವೈದ್ಯರನ್ನು ಕಾಣಿ ಎಂದಿರುತ್ತದೆ. ಅಲ್ಲಿ ಲಿಂಗರ್ ಹಾಕಿದರೆ ಎಚ್ಚರಿಕೆಯ ಬಿಗಿ ಸಡಿಲವಾಗುತ್ತದೆ. ಪರಿಸರದ ವರದಿಯಲ್ಲಂತೂ ಪರ್ಸಿಸ್ಟೆಂಟ್ ಪದವನ್ನು ಬದಲಿಸಲೇಬೇಡಿ. ‘ಪರ್ಸಿಸ್ಟೆಂಟ್ ಆರ್ಗ್ಯಾನಿಕ್ ಪಲ್ಯೂಟಂಟ್ಸ್’ (ಪರಿಸರದಲ್ಲಿ ಬೇಗ ಕೊಳೆಯದೆ ಉಳಿಯುವ ಸಾವಯವ ಮಾಲಿನ್ಯಕಾರಕಗಳು) ಎಂಬುದು 2001ರ ಸ್ಟಾಕ್‌ಹೋಮ್ ಒಪ್ಪಂದ ಬಳಸುವ ಪಾರಿಭಾಷಿಕ ಪದ. ಅದರ ಮೊದಲ ಪಟ್ಟಿಯಲ್ಲಿದ್ದ 12 ರಾಸಾಯನಿಕಗಳಲ್ಲಿ ಕೀಟನಾಶಕ ಡಿಡಿಟಿಯೂ ಒಂದು. ಪಿಫಾಸ್ (PFAS) ಎಂಬ, ಫ್ಲೋರಿನ್ ಇರುವ ಕೃತಕ ರಾಸಾಯನಿಕಗಳ ಗುಂಪಿಗೆ ಪತ್ರಿಕೆಗಳು ‘ಫಾರೆವರ್ ಕೆಮಿಕಲ್ಸ್’ ಎನ್ನುವುದು 2018ರಿಂದೀಚೆಗೆ. ಅವುಗಳ ಕಾರ್ಬನ್–ಫ್ಲೋರಿನ್ ಬಂಧ ಸುಲಭಕ್ಕೆ ಮುರಿಯುವುದಿಲ್ಲ. ಆದರೆ ‘ಫಾರೆವರ್ ಕೆಮಿಕಲ್ಸ್’ ಓದುಗರ ಗಮನ ಸೆಳೆಯುವ ಹೆಸರು, ತಾಂತ್ರಿಕ ಪದವಲ್ಲ.

‘ಸ್ಟಬರ್ನ್’ ಎನ್ನಬೇಕಾದರೆ ಎದುರಿಗೆ ಒಬ್ಬರು ಬ್ರಷ್ ಹಿಡಿದು ಉಜ್ಜಿರಬೇಕು. ಸೋಪಿಗೂ ಜಗ್ಗದ ಕಲೆ ‘ಸ್ಟಬರ್ನ್ ಸ್ಟೇನ್’. ಯಾರೂ ಕೈ ಹಚ್ಚದ ಕಲೆ ಬರೀ ಕಲೆ. ಮನುಷ್ಯರ ವಿಷಯದಲ್ಲಿ ತೂಕ ಬದಲಾಗುತ್ತದೆ. ಛಲ ಬಿಡದವರು ಎಂಬ ಮೆಚ್ಚುಗೆಗೆ ಪರ್ಸಿಸ್ಟೆಂಟ್, ಹಟಮಾರಿ ಎನ್ನಲು ಸ್ಟಬರ್ನ್. ಶಿಫಾರಸು ಪತ್ರದಲ್ಲಿ ಇವು ಅದಲುಬದಲಾದರೆ ಅಭ್ಯರ್ಥಿಯ ಕೆಲಸಕ್ಕೇ ಕುತ್ತು.

ಇನ್ನು ಕ್ರಾನಿಕ್. ಗ್ರೀಕ್‌ನ ‘ಕ್ರೋನೋಸ್’, ಅಂದರೆ ಕಾಲ, ಇದರ ಬೇರು. ತೀವ್ರತೆಗೂ ಇದಕ್ಕೂ ಸಂಬಂಧವಿಲ್ಲ. ವೈದ್ಯರು ವಯಸ್ಕರ ಕೆಮ್ಮನ್ನು 3 ವಾರದೊಳಗಿದ್ದರೆ ಅಕ್ಯೂಟ್ (ಅಲ್ಪಾವಧಿಯದು), 8 ವಾರ ದಾಟಿದರೆ ಕ್ರಾನಿಕ್ ಎನ್ನುತ್ತಾರೆ. ನೋವಿಗೆ ಆ ಗಡಿ 3 ತಿಂಗಳು. ಸಣ್ಣಗೆ ಕೆರೆಯುವ ಕೆಮ್ಮೂ ಕ್ರಾನಿಕ್ ಆಗಬಹುದು, ಎದೆ ಬಿರಿಯುವಂಥದ್ದೂ ಅಕ್ಯೂಟ್ ಆಗಿರಬಹುದು. ನಿಮ್ಮ ಎರಡು ವಾರದ ಕೆಮ್ಮು ಕ್ರಾನಿಕ್ ಅಲ್ಲ. ಕೆಮ್ಮು ಇಳಿಮುಖವಾಗಿದ್ದರೆ ಲಿಂಗರಿಂಗ್, ಹಾಗೇ ಇದ್ದರೆ ಪರ್ಸಿಸ್ಟೆಂಟ್ ಎಂದು ಬರೆಯಿರಿ. ಬ್ರಿಟನ್ನಿನ ಆಡುಮಾತಿನಲ್ಲಿ ಕ್ರಾನಿಕ್ ಎಂದರೆ ‘ತೀರಾ ಕೆಟ್ಟದು’ ಎಂಬ ಅರ್ಥವೂ ಇದೆ, ಆದರೆ ಅದು ವರದಿಗೆ ಒಗ್ಗದು.

ವಿಶೇಷಣ ಸರಿಯಾದರೂ ವಾಕ್ಯ ಕೆಡುವುದು ಇಲ್ಲಿ: ‘ಎರಡು ವಾರದಿಂದ ಕೆಮ್ಮು ಇದೆ’ ಎಂಬುದನ್ನು ‘ಐ ಆ್ಯಮ್ ಹ್ಯಾವಿಂಗ್ ಕಾಫ್ ಸಿನ್ಸ್ ಟೂ ವೀಕ್ಸ್’ ಮಾಡುತ್ತೇವೆ. ನಮ್ಮ ‘ಇಂದ’ ಅಲ್ಲಿ ನುಸುಳಿದೆ. ‘ಐ ಹ್ಯಾವ್ ಹ್ಯಾಡ್ ಎ ಕಾಫ್ ಫಾರ್ ಟೂ ವೀಕ್ಸ್’ ಎನ್ನಬೇಕು. ಅವಧಿಗೆ ಫಾರ್, ಶುರುವಾದ ದಿನಕ್ಕೆ ಸಿನ್ಸ್.

ಪ್ರಶ್ನೆ: ‘ಡೈಹಾರ್ಡ್ ಫ್ಯಾನ್’ ಎಂದರೆ ನಟನಿಗಾಗಿ ಪ್ರಾಣ ಕೊಡುವವನೇ?

ಉತ್ತರ: ಅಲ್ಲ. ಸುಲಭಕ್ಕೆ ಸಾಯದವನು, ಅಂದರೆ ಪಟ್ಟು ಬಿಡದವನು. ‘ಓಲ್ಡ್ ಹ್ಯಾಬಿಟ್ಸ್ ಡೈ ಹಾರ್ಡ್’ನಲ್ಲಿರುವುದೂ ಇದೇ ‘ಹಾರ್ಡ್’. 1811ರಲ್ಲಿ ಸ್ಪೇನಿನ ಆಲ್ಬುವೆರಾ ಕದನದಲ್ಲಿ ಗಾಯಗೊಂಡ ಕರ್ನಲ್ ವಿಲಿಯಂ ಇಂಗ್ಲಿಸ್ ತನ್ನ 57ನೇ ರೆಜಿಮೆಂಟಿಗೆ ‘ಡೈ ಹಾರ್ಡ್’ ಎಂದು ಕೂಗಿದನಂತೆ. ಆ ಪಡೆಗೆ ಅದೇ ಅಡ್ಡಹೆಸರಾಯಿತು. ನೂರು ವರ್ಷದ ನಂತರ ಬ್ರಿಟನ್ನಿನ ಮೇಲ್ಮನೆಯ ಅಧಿಕಾರ ಕಡಿತವನ್ನು ಕೊನೆತನಕ ವಿರೋಧಿಸಿದವರಿಗೂ ಅದು ಅಂಟಿತು. ಅಭಿಮಾನಿಗೆ ಹೇಳಿದರೆ ಇದು ಮೆಚ್ಚುಗೆ. ರಾಜಕೀಯ ಬೆಂಬಲಿಗರಿಗೆ ಹೇಳಿದರೆ ‘ಎಷ್ಟು ಹೇಳಿದರೂ ಕೇಳದವರು’ ಎಂಬ ಕುಟುಕು ಸೇರಿಕೊಳ್ಳುತ್ತದೆ. ಸುದ್ದಿಯಲ್ಲಿ ಅದು ಬೇಡವಾದರೆ ‘ಲಾಯಲ್’ ಎಂದು ಬರೆಯಿರಿ.