ಸರ್ವರ್ ಮುಚ್ಚುವವರ ಪರವಾಗಿ

ರಾಜಾಜಿನಗರದಿಂದ ನಿವೃತ್ತ ಶಿಕ್ಷಕರೊಬ್ಬರು ಬರೆದ ಪತ್ರದ ಸಾರ ಇದು: "ನಾನು ಮತ್ತು ನನ್ನ ಹಳೆಯ ಸಹೋದ್ಯೋಗಿಗಳು ಹಲವು ವರ್ಷಗಳಿಂದ ಜ್ಯಾಬರ್ ಎಂಬ ಮುಕ್ತ ಸಂದೇಶ ವ್ಯವಸ್ಥೆಯ ಮೂಲಕ ಸಂದೇಶ ಕಳುಹಿಸಿಕೊಳ್ಳುತ್ತಿದ್ದೇವೆ. ಯುರೋಪಿನ ಕೆಲವು ಸ್ವಯಂಸೇವಕರು ಉಚಿತವಾಗಿ ನಡೆಸುವ ಸಾರ್ವಜನಿಕ ಸರ್ವರ್‌ನಲ್ಲಿ ನಮ್ಮ ಖಾತೆಗಳಿವೆ. ಮೂರು ತಿಂಗಳಲ್ಲಿ ಅದನ್ನು ಮುಚ್ಚುವುದಾಗಿ ಅವರು ಈಗ ತಿಳಿಸಿದ್ದಾರೆ. ಕೊನೆತನಕ ನಡೆಸಲಾಗದಿದ್ದರೆ ಆರಂಭಿಸಿದ್ದಾದರೂ ಏಕೆ? ದುಡ್ಡಿರುವ ಕಂಪನಿಯನ್ನೇ ನಂಬಬೇಕು ಎನ್ನುವ ನನ್ನ ಮಗನ ಮಾತೇ ಸರಿಯೆನಿಸುತ್ತಿದೆ. ನೀವೇನೆನ್ನುತ್ತೀರಿ?"

ಮಾನ್ಯರೇ,

ನಿಮ್ಮ ಬೇಸರ ನನಗೆ ಅರ್ಥವಾಗುತ್ತದೆ. ಅರುವತ್ತು ದಾಟಿದ ಗೆಳೆಯರನ್ನೆಲ್ಲ ಕೂರಿಸಿಕೊಂಡು ಮತ್ತೆ ಹೊಸ ಖಾತೆ, ಹೊಸ ಪಾಸ್‌ವರ್ಡ್ ಮಾಡಿಸುವುದು ಸಣ್ಣ ಕೆಲಸವಲ್ಲ. ಇಷ್ಟನ್ನು ಒಪ್ಪುತ್ತೇನೆ. ಆದರೆ ಪತ್ರದ ಉಳಿದ ಭಾಗವನ್ನು ಒಪ್ಪಲು ನನ್ನಿಂದ ಸಾಧ್ಯವಿಲ್ಲ; ಏಕೆಂಬುದನ್ನು ತುಸು ವಿಸ್ತಾರವಾಗಿಯೇ ಹೇಳುತ್ತೇನೆ.

ಮೊದಲು ನಿಮ್ಮ ಮಗನ ಮಾತು. ದುಡ್ಡಿರುವ ಕಂಪನಿಗಳು ಮುಚ್ಚುವುದಿಲ್ಲವೆಂದು ಅವರಿಗೆ ಹೇಳಿದವರು ಯಾರು? ಈ ಊರಿನ ಸೈಬರ್ ಕೆಫೆಗಳಲ್ಲಿ ಒಂದು ಪೀಳಿಗೆಯೇ ಕುಳಿತು ಹರಟಿದ ಯಾಹೂ ಮೆಸೆಂಜರ್ 2018ರಲ್ಲಿ ನಿಂತುಹೋಯಿತು. ನಮ್ಮ ದೇಶದ್ದೇ ಆದ ಹೈಕ್ 2021ರಲ್ಲಿ ಬಾಗಿಲು ಹಾಕಿತು. ಮೈಕ್ರೋಸಾಫ್ಟ್ 2011ರಲ್ಲಿ 850 ಕೋಟಿ ಡಾಲರ್ ಕೊಟ್ಟು ಕೊಂಡ ಸ್ಕೈಪ್ 2025ರ ಮೇ ತಿಂಗಳಲ್ಲಿ ಕೊನೆಗೊಂಡಿತು. ಇವುಗಳಲ್ಲಿ ಯಾವುದಕ್ಕೂ ಹಣದ ಕೊರತೆಯಿಂದ ಸರ್ವರ್ ಬಾಡಿಗೆ ಕಟ್ಟಲಾಗದ ಸ್ಥಿತಿ ಬಂದಿರಲಿಲ್ಲ. ಲೆಕ್ಕಪುಸ್ತಕದಲ್ಲಿ ಅವುಗಳ ಉಪಯೋಗ ಮುಗಿದಿತ್ತು, ಅಷ್ಟೇ.

ಗೂಗಲ್ ಟಾಕ್‌ನ ಕಥೆಯಂತೂ ನಿಮ್ಮ ವಿಷಯಕ್ಕೇ ನೇರವಾಗಿ ಸಂಬಂಧಿಸಿದೆ. ಜೆರೆಮಿ ಮಿಲ್ಲರ್ 1999ರಲ್ಲಿ ಜ್ಯಾಬರ್ ಅನ್ನು ಲೋಕದ ಮುಂದಿಟ್ಟಾಗ ಅದರ ಹಿಂದಿದ್ದ ಆಲೋಚನೆ ಬಹಳ ಸರಳವಾಗಿತ್ತು: ಇಮೇಲ್‌ನಲ್ಲಿ ಹೇಗೋ ಹಾಗೆ ಇಲ್ಲಿಯೂ ಯಾರು ಬೇಕಾದರೂ ಸರ್ವರ್ ನಡೆಸಬಹುದು, ಒಂದು ಸರ್ವರ್‌ನವರು ಮತ್ತೊಂದರವರೊಂದಿಗೆ ಅಡ್ಡಿಯಿಲ್ಲದೆ ಮಾತನಾಡಬಹುದು. 2004ರಲ್ಲಿ ಅದು ಎಕ್ಸ್‌ಎಂಪಿಪಿ ಎಂಬ ಹೆಸರಿನಲ್ಲಿ ಅಂತರಜಾಲದ ಅಧಿಕೃತ ಮಾನಕವಾಯಿತು. ಮರುವರ್ಷ ಗೂಗಲ್ ಅದೇ ಮಾನಕದ ಮೇಲೆ ಗೂಗಲ್ ಟಾಕ್ ಆರಂಭಿಸಿ, 2006ರಲ್ಲಿ ಹೊರಗಿನ ಸರ್ವರ್‌ಗಳಿಗೂ ಬಾಗಿಲು ತೆರೆದಾಗ, ನಮ್ಮಂಥವರು ಇನ್ನು ಈ ದಾರಿಯೇ ಹೆದ್ದಾರಿಯಾಗುತ್ತದೆಂದು ಸಂಭ್ರಮಿಸಿದೆವು. 2013ರಲ್ಲಿ ಅದರ ಜಾಗಕ್ಕೆ ಗೂಗಲ್‌ನದೇ ಹ್ಯಾಂಗೌಟ್ಸ್ ಬಂದಿತು. ಆ ಬಾಗಿಲು ಮುಚ್ಚತೊಡಗಿತು. 2022ರ ಹೊತ್ತಿಗೆ ಗೂಗಲ್ ಟಾಕ್ ಪೂರ್ತಿಯಾಗಿ ಇಲ್ಲವಾಯಿತು. ನಿಮ್ಮ ಮಗ ನೆಚ್ಚಿಕೊಂಡಿರುವ ವಾಟ್ಸ್‌ಆ್ಯಪ್ ಕೂಡ ಆರಂಭದಲ್ಲಿ ಬೆಳೆದದ್ದು ಜ್ಯಾಬರ್ ಬಳಗದ ಇಜ್ಯಾಬರ್‌ಡಿ ಎಂಬ ಮುಕ್ತ ತಂತ್ರಾಂಶವನ್ನು ತಿದ್ದಿಕೊಂಡೇ. ಮುಕ್ತವಾಗಿ ಪಡೆದದ್ದರಿಂದ ಕೋಟಿಗಟ್ಟಲೆ ಜನರಿಗಾಗಿ ಕಟ್ಟಿದ ಆ ಮನೆಯಿಂದ ಹೊರಗಿನ ಜ್ಯಾಬರ್ ವಿಳಾಸಕ್ಕೆ ಒಂದು ನಮಸ್ಕಾರ ಕಳುಹಿಸಲು ಇಂದಿಗೂ ದಾರಿಯಿಲ್ಲ.

ಈಗ "ಆರಂಭಿಸಿದ್ದಾದರೂ ಏಕೆ" ಎಂಬ ಪ್ರಶ್ನೆ. ನೀವು ಶಿಕ್ಷಕರಾಗಿದ್ದವರು, ತಿಳಿಸಿ ಹೇಳಿದರೆ ಸಿಟ್ಟಾಗುವುದಿಲ್ಲವೆಂದು ನಂಬಿ ಹೇಳುತ್ತೇನೆ: ಈ ಪ್ರಶ್ನೆ ನಿಮಗೆ ಶೋಭಿಸುವುದಿಲ್ಲ. ಸಾರ್ವಜನಿಕ ಸರ್ವರ್‌ನ ಖರ್ಚೆಂದರೆ ಯಂತ್ರದ ಬಾಡಿಗೆಯೆಂದು ಹೊರಗಿನವರು ಭಾವಿಸುತ್ತಾರೆ. ಪ್ರಾಸಡಿಯಂಥ ಹಗುರವಾದ ತಂತ್ರಾಂಶವಿದ್ದರೆ ನೂರಾರು ಜನರ ಮಾತನ್ನು ಸಣ್ಣ ಯಂತ್ರವೊಂದೇ ಹೊರುತ್ತದೆ. ಭಾರವಿರುವುದು ಬೇರೆಡೆ. ಯಾರು ಬೇಕಾದರೂ ಖಾತೆ ತೆರೆಯಬಹುದೆಂದರೆ ಸ್ಪ್ಯಾಮ್ ಕಳುಹಿಸುವವರೂ ರಾತ್ರೋರಾತ್ರಿ ಖಾತೆಗಳನ್ನು ತೆರೆಯುತ್ತಾರೆ. ಅದನ್ನು ತಡೆಯದಿದ್ದರೆ ಉಳಿದ ಸರ್ವರ್‌ಗಳು ನಿಮ್ಮ ಸರ್ವರ್‌ನ ಸಂಪರ್ಕವನ್ನೇ ಕಡಿದುಹಾಕುತ್ತವೆ. ಜನ ಕಳುಹಿಸುವ ಚಿತ್ರ, ವಿಡಿಯೊಗಳಿಂದ ಡಿಸ್ಕ್ ತುಂಬುತ್ತದೆ. ವಂಚಕನೊಬ್ಬ ಅಲ್ಲಿ ಖಾತೆ ಮಾಡಿಕೊಂಡರೆ ಪೊಲೀಸರ ಪತ್ರ ಬರುವುದು ನಡೆಸುವವರ ಹೆಸರಿಗೆ. ಭದ್ರತಾ ಲೋಪ ಪ್ರಕಟವಾದ ರಾತ್ರಿ ಎದ್ದು ಕುಳಿತು ಸರಿಪಡಿಸಬೇಕಾದವರೂ ಅವರೇ. ಜಯನಗರದ ನನ್ನ ಸ್ನೇಹಿತರೊಬ್ಬರು ಸಾಹಿತ್ಯಾಸಕ್ತರ ಬಳಗವೊಂದಕ್ಕೆ ಇಂಥದೇ ಸಣ್ಣ ಸರ್ವರ್ ನಡೆಸುತ್ತಿದ್ದರು. ಅದು ನಡೆಯುತ್ತಿದ್ದಷ್ಟು ಕಾಲ ಯಾರೂ ಅವರ ಹೆಸರೆತ್ತಲಿಲ್ಲ; ಒಂದು ಮಧ್ಯಾಹ್ನ ಅದು ಕೆಟ್ಟಾಗ, ಅವರು ತಾಯಿಯನ್ನು ಆಸ್ಪತ್ರೆಗೆ ಕರೆದೊಯ್ದಿದ್ದ ಹೊತ್ತಿನಲ್ಲಿ, ಎಲ್ಲರೂ ಫೋನ್ ಮಾಡಿದರು.

ದಣಿದವನನ್ನು ಬಯ್ದು ದುಡಿಸಿದರೆ ಏನಾಗುತ್ತದೆಂಬುದಕ್ಕೆ ಎಕ್ಸ್‌ಝಡ್ ಪ್ರಕರಣವಿದೆ. ಲಿನಕ್ಸ್ ಎಂಬ ಮುಕ್ತ ಕಾರ್ಯಾಚರಣಾ ವ್ಯವಸ್ಥೆಯ ಜಗತ್ತೆಲ್ಲ ಬಳಸುವ, ಕಡತಗಳನ್ನು ಕುಗ್ಗಿಸುವ ಆ ಪುಟ್ಟ ತಂತ್ರಾಂಶವನ್ನು ವರ್ಷಗಳ ಕಾಲ ಬಹುಮಟ್ಟಿಗೆ ಒಬ್ಬರೇ ನೋಡಿಕೊಳ್ಳುತ್ತಿದ್ದರು. ಕೆಲಸ ನಿಧಾನವಾಯಿತೆಂದು 2022ರಲ್ಲಿ ಕೆಲವರು ಅವರನ್ನು ಸಾರ್ವಜನಿಕವಾಗಿ ಚುಚ್ಚಿದರು. ತಮ್ಮ ಮಾನಸಿಕ ಆರೋಗ್ಯ ಸರಿಯಿಲ್ಲವೆಂದು ಅವರು ಹೇಳಿಕೊಂಡರೂ ಬಿಡಲಿಲ್ಲ. ಕೊನೆಗೆ ನೆರವಿಗೆಂದು ಬಂದವನ ಕೈಗೆ ಅಧಿಕಾರ ಹೋಯಿತು, ಮತ್ತು 2024ರ ಮಾರ್ಚ್‌ನಲ್ಲಿ ಹೊರಗಿನವರು ಯಂತ್ರದೊಳಗೆ ನುಗ್ಗಲು ಅವನಿಟ್ಟಿದ್ದ ಕಳ್ಳಬಾಗಿಲು ಅದರೊಳಗೆ ಪತ್ತೆಯಾಯಿತು. ಸರ್ವರ್‌ಗಳ ವಿಷಯದಲ್ಲೂ ಎಚ್ಚರದ ಕಣ್ಣಿಗೆ ಇಷ್ಟೇ ಬೆಲೆಯಿದೆ. 2023ರಲ್ಲಿ ಜ್ಯಾಬರ್ ಡಾಟ್ ಆರ್‌ಯು ಸೇವೆಯ ಸಂಪರ್ಕವನ್ನು ಯಾರೋ ತಿಂಗಳುಗಟ್ಟಲೆ ನಡುವೆ ನಿಂತು ಕದ್ದಾಲಿಸಿದ್ದರು. ಸರ್ವರ್‌ನ ಗುರುತಿಗೆ ಸಾಕ್ಷಿಯಾಗುವ ಡಿಜಿಟಲ್ ಪ್ರಮಾಣಪತ್ರವನ್ನು ಅವರು ಅಕ್ರಮವಾಗಿ ಪಡೆದು ಬಳಸಿದ್ದರು; ಅದರ ಅವಧಿ ಮುಗಿದು, ಆ ಸೇವೆಯನ್ನು ನಡೆಸುವವರು ಬೆನ್ನುಹತ್ತಿ ಹುಡುಕಿದ್ದರಿಂದ ಸಂಗತಿ ಹೊರಬಿತ್ತು. ನೋಡಿಕೊಳ್ಳುವ ಶಕ್ತಿ ತಮಗೆ ಉಳಿದಿಲ್ಲವೆಂದು ಅರಿತವರು, ಹೆಸರಿಗಷ್ಟೇ ಸರ್ವರ್ ಓಡಿಸುತ್ತ ನಿಮ್ಮ ಖಾಸಗಿ ಮಾತುಗಳನ್ನು ಗಾಳಿಗೆ ಬಿಡುವುದಕ್ಕಿಂತ, ಮೂರು ತಿಂಗಳು ಮುಂಚೆ ತಿಳಿಸಿ ಮುಚ್ಚುವುದು ಎಷ್ಟೋ ಮೇಲು. ಅವರು ನಿಮ್ಮ ಕೈಬಿಟ್ಟಿಲ್ಲ. ಕೊನೆಯ ದಿನದವರೆಗೂ ನಿಮ್ಮ ಹೊಣೆ ಹೊತ್ತಿದ್ದಾರೆ.

ನಮ್ಮ ನಾಡಿನ ಹಳಬರಿಗೆ ಇದು ತಿಳಿದಿತ್ತು. ಶಾಸನಗಳನ್ನು ಓದಿ ನೋಡಿ: ಕೆರೆ ಕಟ್ಟಿಸಿದವನ ಹೆಸರಿನೊಂದಿಗೆ, ಅದರ ಏರಿ ತೂಬುಗಳ ದುರಸ್ತಿಗೆಂದು ಬಿಟ್ಟ ಬಿತ್ತುವಟ್ಟವೆಂಬ ದತ್ತಿಯ ಮಾತೂ ಬರುತ್ತದೆ, ಮಣ್ಣು ಹೊರುವ ಬಂಡಿಯ ಖರ್ಚಿಗೂ ದತ್ತಿ ಬಿಟ್ಟಿದ್ದಾರೆ. ನೀರುಂಡವರೇ ಕೆರೆಯನ್ನು ಕಾಯಬೇಕೆಂಬ ಏರ್ಪಾಡು ಅದು. ನೀವು ಮತ್ತು ನಿಮ್ಮ ಬಳಗ ಇಷ್ಟು ವರ್ಷಗಳಲ್ಲಿ ಆ ಸರ್ವರ್‌ಗೆ ಒಮ್ಮೆಯಾದರೂ ದೇಣಿಗೆ ಕಳುಹಿಸಿದ್ದಿರಾ? ಪತ್ರದಲ್ಲಿ ಅದರ ಮಾತಿಲ್ಲ.

ಇದು ನಿಮ್ಮೊಬ್ಬರ ಲೋಪವಲ್ಲ, ಆದ್ದರಿಂದಲೇ ಇಷ್ಟು ಬರೆಯುತ್ತಿದ್ದೇನೆ. ಲಿನಕ್ಸ್ ಇಲ್ಲದೆ ಒಂದು ದಿನವೂ ನಡೆಯದ ಕಂಪನಿಗಳಿಂದ ತುಂಬಿದ ಊರು ನಮ್ಮದು. ಅಂಥ ಬೆಂಗಳೂರಿನಲ್ಲಿ ಶಾಲೆಯ ರಜೆ, ಬಡಾವಣೆಯ ನೀರಿನ ಸರದಿ, ಕಚೇರಿಯ ಸುತ್ತೋಲೆ ಎಲ್ಲವೂ ಒಂದೇ ವಿದೇಶಿ ಕಂಪನಿಯ ಗುಂಪುಗಳಲ್ಲಿ ಹರಿಯುತ್ತವೆ. ಪುಸ್ತಕಕ್ಕಾಗಿ 1965ರ ಗ್ರಂಥಾಲಯ ಕಾಯ್ದೆಯ ಪ್ರಕಾರ ಆಸ್ತಿ ತೆರಿಗೆಯೊಂದಿಗೆ ಕರ ಕಟ್ಟುವ ನಮಗೆ, ಮಾತಿಗೂ ಒಂದು ಸಾರ್ವಜನಿಕ ನೆಲೆ ಬೇಕೆಂದು ಇನ್ನೂ ಅನಿಸಿಲ್ಲ. ಯುರೋಪಿನ ಒಕ್ಕೂಟ ದೊಡ್ಡ ಸಂದೇಶ ಸೇವೆಗಳು ಬೇರೆಯವುಗಳಿಗೂ ತೆರೆದುಕೊಳ್ಳಬೇಕೆಂದು ಕಾನೂನು ಮಾಡಿದೆ. ಇಲ್ಲಿ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆಯಾದ ಸರ್ಟ್-ಇನ್‌ನ 2022ರ ನಿರ್ದೇಶನವು ಭದ್ರತಾ ಘಟನೆಗಳನ್ನು ಆರು ಗಂಟೆಯೊಳಗೆ ವರದಿ ಮಾಡಬೇಕು, ಸರ್ವರ್‌ನ ಚಟುವಟಿಕೆಯ ದಾಖಲೆಗಳನ್ನು 180 ದಿನ ಇಟ್ಟುಕೊಳ್ಳಬೇಕು ಎನ್ನುತ್ತದೆ. ದೊಡ್ಡ ಕಂಪನಿಗೆ ಇದಕ್ಕೆಂದೇ ಒಂದು ವಿಭಾಗವಿರುತ್ತದೆ. ಸಂಜೆ ಕೆಲಸ ಮುಗಿಸಿ ಬಂದು ಸರ್ವರ್ ನೋಡಿಕೊಳ್ಳುವ ಇಬ್ಬರು ತರುಣರಿಗೆ ಏನಿದೆ? 2023ರಲ್ಲಿ ಕೇಂದ್ರ ಸರ್ಕಾರ ತಡೆಹಿಡಿದ 14 ಸಂದೇಶ ಆ್ಯಪ್‌ಗಳಲ್ಲಿ ಎಲಿಮೆಂಟ್, ಬ್ರಾಯರ್‌ಗಳಂಥ ಮುಕ್ತ ತಂತ್ರಾಂಶಗಳೂ ಇದ್ದವು. ಇಂಥ ವಾತಾವರಣದಲ್ಲಿ ಯಾರಾದರೂ ಮುಂದೆ ಬಂದು ಉಚಿತ ಸರ್ವರ್ ನಡೆಸುತ್ತಾರೆಂದರೆ ನಾನು ಅವರಿಗೆ ಕೈಮುಗಿಯುತ್ತೇನೆ.

ನೀವು ಈಗ ಮಾಡಬೇಕಾದದ್ದು ಇಷ್ಟು. ಗಡುವಿನ ಮೊದಲೇ ಫೋನಿನಲ್ಲಿರುವ ಹಳೆಯ ಸಂದೇಶಗಳ ಬ್ಯಾಕಪ್ ತೆಗೆದುಕೊಳ್ಳಿ, ಸಂಪರ್ಕಪಟ್ಟಿಯನ್ನು ಬರೆದಿಟ್ಟುಕೊಳ್ಳಿ, ಹಳೆಯ ಖಾತೆ ಜೀವಂತವಿರುವಾಗಲೇ ಹೊಸ ವಿಳಾಸವನ್ನು ಎಲ್ಲರಿಗೂ ತಿಳಿಸಿ. ಬಳಗಕ್ಕೆಂದೇ ಒಂದು ಡೊಮೈನ್ ಹೆಸರು ಕೊಂಡುಕೊಂಡರೆ, ನಾಳೆ ಸರ್ವರ್ ಬದಲಾದರೂ ವಿಳಾಸ ನಿಮ್ಮದಾಗಿಯೇ ಉಳಿಯುತ್ತದೆ. ನಿಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ಈ ಕೆಲಸ ಬಲ್ಲವರು ಈ ಊರಿನಲ್ಲಿ ಖಂಡಿತ ಇದ್ದಾರೆ, ಕೇಳಿ ನೋಡಿ. ಒಪ್ಪಿದವರ ಮೇಲೆ ಎಲ್ಲವನ್ನೂ ಹೊರಿಸಬೇಡಿ: ಖರ್ಚಿನ ಲೆಕ್ಕ ಮೊದಲ ದಿನದಿಂದಲೇ ಎಲ್ಲರ ಮುಂದಿರಲಿ, ವರ್ಷದ ವಂತಿಗೆ ನಿಗದಿಯಾಗಲಿ, ಸರ್ವರ್‌ನ ಕೀಲಿ ಕನಿಷ್ಠ ಇಬ್ಬರ ಕೈಯಲ್ಲಿರಲಿ. ಮುಚ್ಚುತ್ತಿರುವ ಆ ಸ್ವಯಂಸೇವಕರಿಗೆ ಈ ವಾರವೇ ನಾಲ್ಕು ಸಾಲು ಕೃತಜ್ಞತೆ ಬರೆಯಿರಿ; ಕೊನೆಯ ಮೂರು ತಿಂಗಳ ಬಾಡಿಗೆಯನ್ನೂ ಅವರೇ ಕಟ್ಟುತ್ತಿದ್ದಾರೆ.

— ಸಂಪಾದಕ