ಹಾಸನದಿಂದ ಹೊರಟು ಮಲೆನಾಡು, ಕರಾವಳಿ ಎರಡನ್ನೂ ಏಳು ದಿನಗಳಲ್ಲಿ ನೋಡಬಹುದೇ?

ನೀವು ಕೇಳಿರುವುದು ಇಷ್ಟು: ಕಲಬುರಗಿಯಿಂದ ರೈಲಿನಲ್ಲಿ ಹಾಸನಕ್ಕೆ ಬಂದಿಳಿಯುತ್ತೀರಿ. ಜೊತೆಗೆ ತಂದೆ, ಮಂಡಿನೋವಿರುವ ತಾಯಿ, ಮಡದಿ, ಹತ್ತು ವರ್ಷದ ಮಗಳು. ಡಿಸೆಂಬರ್ ತಿಂಗಳು, ಏಳು ದಿನ, ಬಾಡಿಗೆ ಕಾರು. ಕೊನೆಯ ದಿನ ಹಾಸನದಿಂದಲೇ ಮರಳುವ ರೈಲು. ಪಟ್ಟಿಯಲ್ಲಿ ಇಪ್ಪತ್ತಮೂರು ಊರುಗಳಿವೆ, ಯಾವುದನ್ನು ಬಿಡಲಿ ಎಂದು ಕೇಳಿದ್ದೀರಿ.

ಸದ್ಯಕ್ಕೆ ಪಟ್ಟಿಯನ್ನು ಪಕ್ಕಕ್ಕಿಡಿ. ಯಾವ ಘಟ್ಟದಲ್ಲಿ ಇಳಿಯುತ್ತೀರಿ, ಯಾವ ಘಟ್ಟದಲ್ಲಿ ಹತ್ತುತ್ತೀರಿ ಎಂಬುದನ್ನು ಮೊದಲು ತೀರ್ಮಾನಿಸಿ. ನಾನು ಬೇಲೂರು ತಾಲ್ಲೂಕಿನವನು. ತಂಗಿಯನ್ನು ಕಾರ್ಕಳದ ಕಡೆಗೆ ಕೊಟ್ಟಿರುವುದರಿಂದ ಹಬ್ಬ ಹರಿದಿನಕ್ಕೆಲ್ಲ ಘಟ್ಟ ಇಳಿದು ಹತ್ತುವುದು ನಮ್ಮ ಮನೆಯವರಿಗೆ ರೂಢಿ. ನಮ್ಮ ಕಡೆ ಪ್ರಯಾಣವನ್ನು ಕಿಲೋಮೀಟರಿನಲ್ಲಿ ಲೆಕ್ಕ ಹಾಕುವುದಿಲ್ಲ, ಘಟ್ಟದಲ್ಲಿ ಲೆಕ್ಕ ಹಾಕುತ್ತೇವೆ. ಏಳು ದಿನಕ್ಕೆ ಒಮ್ಮೆ ಇಳಿಯುವುದು, ಒಮ್ಮೆ ಹತ್ತುವುದು, ಎರಡೂ ಹಗಲಿನಲ್ಲಿ. ನಿಮ್ಮ ಪಟ್ಟಿಯಲ್ಲಿ ಹಾಸನ, ಧರ್ಮಸ್ಥಳ, ಕುದುರೆಮುಖ, ಮಂಗಳೂರು, ಮಡಿಕೇರಿ, ಕೊಲ್ಲೂರು ಎಂಬ ಕ್ರಮವಿದೆ. ಹಾಗೆ ಹೊರಟರೆ ಮೇಲೆ ಕೆಳಗೆ ಓಡಾಡುವುದರಲ್ಲೇ ವಾರ ಕಳೆದುಹೋಗುತ್ತದೆ. ನಿಮ್ಮ ತಾಯಿಯ ಮಂಡಿಗೂ ಮಗಳ ಹೊಟ್ಟೆಗೂ ಅದು ಒಳ್ಳೆಯದಲ್ಲ.

ಹಾಗಾಗಿ ಮಡಿಕೇರಿ ಬೇಡ. ಅದು ಬೇರೆಯದೇ ಪ್ರವಾಸ. ಮುರುಡೇಶ್ವರ, ಗೋಕರ್ಣ ಬೇಡ. ಮುರುಡೇಶ್ವರವೇ ಉಡುಪಿಯಿಂದ ಉತ್ತರಕ್ಕೆ ನೂರು ಕಿಲೋಮೀಟರ್ ದಾಟುತ್ತದೆ. ಜೋಗ ಕೂಡ ಬೇಡ. ಡಿಸೆಂಬರಿನಲ್ಲಿ ನೀರು ಇಳಿದಿರುತ್ತದೆ, ಅದನ್ನು ಮಳೆಗಾಲಕ್ಕೆ ಇಟ್ಟುಕೊಳ್ಳಿ. ಮಂಗಳೂರು ನಗರವನ್ನೂ ಈ ಸಲ ಬಿಡಬಹುದು. ಉಳಿದದ್ದು ಒಂದು ಸುತ್ತು: ಹಾಸನ, ಸಕಲೇಶಪುರ, ಧರ್ಮಸ್ಥಳ, ಕಾರ್ಕಳ, ಉಡುಪಿ, ಆಗುಂಬೆ, ಶೃಂಗೇರಿ, ಚಿಕ್ಕಮಗಳೂರು, ಮತ್ತೆ ಹಾಸನ.

ಮೊದಲ ದಿನ ಹಾಸನದಲ್ಲಿ ಇಳಿದು ಸ್ನಾನ, ಊಟ ಮುಗಿಸಿ ಹಳೇಬೀಡಿಗೆ ಹೋಗಿ, ಅಲ್ಲಿಂದ ಹದಿನಾರು ಕಿಲೋಮೀಟರ್ ದೂರದ ಬೇಲೂರಿಗೆ ಬನ್ನಿ. ಎರಡೂ ಊರಿನ ದೇವಾಲಯಗಳು ಸೋಮನಾಥಪುರದ ಜೊತೆಗೆ 2023ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿವೆ. ನಮ್ಮೂರಿನ ಹೆಮ್ಮೆಯಿಂದ ಹೇಳುತ್ತಿದ್ದೇನೆ ಎಂದುಕೊಂಡರೂ ಪರವಾಗಿಲ್ಲ, ಇಲ್ಲಿ ಅವಸರ ಮಾಡಬೇಡಿ. ಹಳೇಬೀಡಿನಲ್ಲಿ ಮಗಳಿಗೆ ಒಂದು ಕೆಲಸ ಕೊಡಿ: ಗೋಡೆಯ ತೀರ ಕೆಳಗಿನ ಸಾಲಿನಲ್ಲಿರುವ ಆನೆಗಳನ್ನು ಮಾತ್ರ ನೋಡುತ್ತ ಗುಡಿಯನ್ನು ಸುತ್ತಲಿ. ಒಂದರ ಸೊಂಡಿಲು ಮುಂದಿನದರ ಬಾಲಕ್ಕೆ ತಾಗಿರುತ್ತದೆ, ಇನ್ನೊಂದು ಹಿಂದಕ್ಕೆ ಹೊರಳಿ ನೋಡುತ್ತಿರುತ್ತದೆ. ಬಳಪದ ಕಲ್ಲು ಕೆತ್ತುವಾಗ ಮೆತ್ತಗಿದ್ದು ಗಾಳಿಗೆ ಗಟ್ಟಿಯಾಗುತ್ತದೆ. ಬೆರಳಿನ ಉಂಗುರ, ಆನೆಯ ಕೊರಳಿನ ಗಂಟೆ ಇಷ್ಟು ಸ್ಪಷ್ಟವಾಗಿ ಮೂಡಿರುವುದು ಅದರಿಂದಲೇ. ಬೇಲೂರಿನ ಚೆನ್ನಕೇಶವ ದೇವಾಲಯ 1117ರಲ್ಲಿ ವಿಷ್ಣುವರ್ಧನನ ಕಾಲದಲ್ಲಿ ಪ್ರತಿಷ್ಠೆಯಾದದ್ದು. ಅಲ್ಲಿ ಮದನಿಕೆಯರನ್ನು ನೋಡಲು ಕತ್ತೆತ್ತಬೇಕು. ಇಳಿಬಿಸಿಲು ಬೀಳುವ ಹೊತ್ತಿಗೆ ಹೋದರೆ ಮುಖಗಳು ಚೆನ್ನಾಗಿ ಕಾಣುತ್ತವೆ. ನೆನಪಿಡಿ, ಅಂಗಳದ ಹಾಸುಗಲ್ಲು ಮಧ್ಯಾಹ್ನ ಕಾಯುತ್ತದೆ, ಬರಿಗಾಲಿನಲ್ಲಿ ನಡೆಯಬೇಕು. ತಾಯಿಯವರಿಗೆ ದಪ್ಪ ಕಾಲುಚೀಲ ಇರಲಿ.

ಎರಡನೆಯ ದಿನ ಘಟ್ಟ ಇಳಿಯುವ ದಿನ. ನನ್ನ ಬಲವಾದ ಸಲಹೆ ಎಂದರೆ ನೀವು ರೈಲಿನಲ್ಲಿ ಇಳಿಯಿರಿ, ಕಾರು ಶಿರಾಡಿ ಘಟ್ಟದ ರಸ್ತೆಯಲ್ಲಿ ಇಳಿಯಲಿ. ಬೆಂಗಳೂರಿನ ಯಶವಂತಪುರದಿಂದ ಕರಾವಳಿಗೆ ಹೋಗುವ ಹಗಲು ರೈಲುಗಳು ಹಾಸನ, ಸಕಲೇಶಪುರ ದಾಟಿ ಹೋಗುತ್ತವೆ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್ ನಿಲ್ದಾಣದವರೆಗಿನ ಸುಮಾರು 55 ಕಿಲೋಮೀಟರ್ ಹಾದಿಯಲ್ಲಿ 57 ಸುರಂಗಗಳಿವೆ. ಸುರಂಗದಿಂದ ಹೊರಬಿದ್ದ ಕೂಡಲೇ ಸೇತುವೆ, ಸೇತುವೆ ಮುಗಿಯುವ ಮೊದಲೇ ಮತ್ತೊಂದು ಸುರಂಗ. ಬೆಳಕು ಬಂದಷ್ಟು ಹೊತ್ತು ಕೆಳಗೆ ಕಣಿವೆ, ಎದುರಿಗೆ ಕಾಡು. ಎಡಕುಮರಿಯಂಥ ನಿಲ್ದಾಣದಲ್ಲಿ ರೈಲು ನಿಂತಾಗ ಸುತ್ತ ಒಂದು ಮನೆಯೂ ಕಾಣುವುದಿಲ್ಲ. 2021ರಲ್ಲಿ ಈ ಹಾದಿಗೆ ಗಾಜಿನ ಚಾವಣಿಯ ವಿಸ್ಟಾಡೋಮ್ ಬೋಗಿಗಳೂ ಬಂದವು. ಅದರ ಟಿಕೆಟ್ ಬೇಗ ಮುಗಿಯುತ್ತದೆ. ಸಾಮಾನ್ಯ ಬೋಗಿಯ ಕಿಟಕಿ ಪಕ್ಕ ಕುಳಿತರೂ ಏನೂ ಕಡಿಮೆಯಾಗದು. ಹಗಲು ರೈಲು ಎಲ್ಲ ದಿನವೂ ಇರುವುದಿಲ್ಲ, ಕಾಮಗಾರಿಗಾಗಿ ಕೆಲವೊಮ್ಮೆ ತಿಂಗಳುಗಟ್ಟಲೆ ನಿಲ್ಲುವುದೂ ಉಂಟು. ಆದ್ದರಿಂದ ಹೋಟೆಲ್ ಕಾಯ್ದಿರಿಸುವ ಮೊದಲು ಈ ರೈಲಿನ ದಿನವನ್ನು ನೋಡಿ, ಅದಕ್ಕೆ ಹೊಂದಿಸಿ ಇಡೀ ಪ್ರವಾಸದ ದಿನಾಂಕ ಹಿಡಿಯಿರಿ. ಹಳಿಯ ಮೇಲೆ ನಡೆದು ಹೋಗುವ ಚಾರಣದ ವಿಡಿಯೊಗಳನ್ನು ನೋಡಿ ಯಾರೂ ಆಸೆಪಡಬಾರದು. ಅದಕ್ಕೆ ನಿಷೇಧವಿದೆ, ಪ್ರಾಣಕ್ಕೂ ಅಪಾಯ.

ರೈಲು ಹೊಂದದಿದ್ದರೆ ಕಾರಿನಲ್ಲೇ ಶಿರಾಡಿ ಇಳಿಯಿರಿ. ಆಗ ಸಕಲೇಶಪುರ ದಾಟಿದ ಮೇಲೆ ಹೆದ್ದಾರಿಯ ಪಕ್ಕದಲ್ಲೇ ಮಂಜರಾಬಾದ್ ಕೋಟೆ ಸಿಗುತ್ತದೆ. ಟಿಪ್ಪು ಸುಲ್ತಾನ್ ಕಟ್ಟಿಸಿದ ನಕ್ಷತ್ರಾಕಾರದ ಕೋಟೆ; ತಾಯಿಯವರು ಕೆಳಗೇ ಕುಳಿತಿರಲಿ, ಮೆಟ್ಟಿಲುಗಳಿವೆ. ಚಾರ್ಮಾಡಿಯಲ್ಲಿ ಇಳಿಯುವುದಾದರೆ ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿನ್ನದೆ ಹೋಗಬೇಡಿ. ಆದರೆ ಹಾಸನದಿಂದ ಹೊರಡುವವರಿಗೆ ಶಿರಾಡಿಯೇ ನೇರ. ಇನ್ನೊಂದು ಮಾತು: ಸಕಲೇಶಪುರ, ಆಲೂರು, ಬೇಲೂರು, ಮೂಡಿಗೆರೆ ಕಡೆಯ ತೋಟದ ರಸ್ತೆಗಳಲ್ಲಿ ಕತ್ತಲಾದ ಮೇಲೆ ಕಾಡಾನೆಗಳು ಓಡಾಡುತ್ತವೆ. ನಮ್ಮ ಕಡೆ ಆನೆಯಿಂದ ಜೀವ ಕಳೆದುಕೊಂಡವರಿದ್ದಾರೆ. ಆದ್ದರಿಂದ ರಾತ್ರಿ ಒಳರಸ್ತೆಯಲ್ಲಿ ಹೋಂಸ್ಟೇ ಹುಡುಕಿಕೊಂಡು ಹೋಗುವ ಸಾಹಸ ದಯವಿಟ್ಟು ಬೇಡ.

ಆ ರಾತ್ರಿ ಧರ್ಮಸ್ಥಳದಲ್ಲಿ ಉಳಿಯಿರಿ. ಕುಕ್ಕೆಗೆ ಹೋಗುವ ಆಸೆ ತಂದೆಯವರಿಗಿದ್ದರೆ ಸುಬ್ರಹ್ಮಣ್ಯ ರೋಡ್ ನಿಲ್ದಾಣದಲ್ಲಿ ಇಳಿದು ಮೊದಲು ಅಲ್ಲಿಗೆ ಹೋಗಬಹುದು. ಆದರೆ ಪಂಚಾಂಗ ನೋಡಿಕೊಳ್ಳಿ: ಮಾರ್ಗಶಿರ ಶುದ್ಧ ಷಷ್ಠಿಯ ಆಸುಪಾಸಿನಲ್ಲಿ ಚಂಪಾಷಷ್ಠಿಯ ಜನಸಾಗರದಲ್ಲಿ ವಯಸ್ಸಾದವರು ನಿಲ್ಲಲಾಗದು.

ಮೂರನೆಯ ದಿನದ ಬಗ್ಗೆ ಸ್ವಲ್ಪ ಹೆಚ್ಚು ಬರೆಯುತ್ತೇನೆ, ಏಕೆಂದರೆ ಎಲ್ಲರೂ ಇದನ್ನು ಬರೀ ದಾರಿಯೆಂದು ತಿಳಿದು ಗಾಡಿ ಓಡಿಸಿಬಿಡುತ್ತಾರೆ. ಶ್ರವಣಬೆಳಗೊಳದ ಗೊಮ್ಮಟನನ್ನು ನೋಡಬೇಕೆಂದು ತಾಯಿಯವರ ಆಸೆ, ಮೆಟ್ಟಿಲು ಹತ್ತಲಾಗದು ಎಂದು ಬರೆದಿದ್ದೀರಿ. ಅಲ್ಲಿ ಬಂಡೆಯ ಮೇಲೆ ಆರುನೂರಕ್ಕೂ ಹೆಚ್ಚು ಮೆಟ್ಟಿಲು. ಡೋಲಿಯಿದ್ದರೂ ಅವರಿಗೆ ಭಯವಾಗಬಹುದು. ನಿಮ್ಮ ದಾರಿಯಲ್ಲಿ ಇನ್ನೂ ಮೂವರು ಬಾಹುಬಲಿಗಳು ನಿಂತಿದ್ದಾರೆ. ಧರ್ಮಸ್ಥಳದ ರತ್ನಗಿರಿಯಲ್ಲಿರುವ 39 ಅಡಿಯ ಮೂರ್ತಿಯ ಹತ್ತಿರದವರೆಗೆ ವಾಹನ ಹೋಗುತ್ತದೆ. ಕಾರ್ಕಳದ್ದು 42 ಅಡಿ, 1432ರಲ್ಲಿ ನಿಲ್ಲಿಸಿದ್ದು. ಇವೆರಡರ ನಡುವೆ ವೇಣೂರು ಬರುತ್ತದೆ. 1604ರಲ್ಲಿ ನಿಲ್ಲಿಸಿದ ಅಲ್ಲಿಯ 35 ಅಡಿಯ ಬಾಹುಬಲಿ ಬೆಟ್ಟದ ಮೇಲಿಲ್ಲ, ಫಲ್ಗುಣಿ ನದಿಯ ದಡದಲ್ಲಿ ಸಮತಟ್ಟು ನೆಲದಲ್ಲಿದ್ದಾನೆ. ತಾಯಿಯವರು ಕಾರಿನಿಂದಿಳಿದು ನಡೆದು ಹೋಗಿ ಪಾದದ ಬಳಿ ನಿಲ್ಲಬಹುದು. ಎಷ್ಟೋ ಹಿರಿಯರು ಅಲ್ಲಿ ಕಣ್ಣು ತುಂಬಿಕೊಂಡು ನಿಂತಿರುವುದನ್ನು ನೋಡಿದ್ದೇನೆ. ವೇಣೂರಿನಿಂದ ಮೂಡುಬಿದಿರೆಗೆ ಬಂದು ಸಾವಿರ ಕಂಬದ ಬಸದಿ ನೋಡಿ. ಮೇಲಿನ ಇಳಿಜಾರು ಮಾಡು ನೋಡಿದರೆ ಕರಾವಳಿಯ ಮಳೆಗೆ ಜನ ಹೇಗೆ ಮನೆ ಕಟ್ಟುತ್ತಾರೋ ಹಾಗೆಯೇ ದೇವರಿಗೂ ಕಟ್ಟಿದ್ದಾರೆ ಎಂದು ತಿಳಿಯುತ್ತದೆ. ಹೊತ್ತಿದ್ದರೆ ಕಾರ್ಕಳ, ಇಲ್ಲದಿದ್ದರೆ ನೇರ ಉಡುಪಿ.

ಉಡುಪಿಯಲ್ಲಿ ಎರಡು ರಾತ್ರಿ ಇರಿ, ಕೋಣೆ ಬದಲಿಸಬೇಡಿ. ಬೆಳಗ್ಗೆ ಬೇಗ ಕೃಷ್ಣಮಠಕ್ಕೆ ಹೋಗಿ ಕನಕನ ಕಿಂಡಿಯಿಂದ ದರ್ಶನ ಮಾಡಿ. ಒಳಗೆ ಹೋಗುವ ಗಂಡಸರು ಅಂಗಿ ತೆಗೆಯಬೇಕು, ಹೆಗಲ ಮೇಲೆ ಶಲ್ಯವಿದ್ದರೆ ಒಳ್ಳೆಯದು. ಆಮೇಲೆ ಮಲ್ಪೆಯಿಂದ ದೋಣಿಯಲ್ಲಿ ಸೇಂಟ್ ಮೇರೀಸ್ ದ್ವೀಪ. ಮಳೆಗಾಲದಲ್ಲಿ ದೋಣಿ ಇರುವುದಿಲ್ಲ, ಡಿಸೆಂಬರಿನಲ್ಲಿ ಇರುತ್ತದೆ. ಲಾವಾ ತಣಿಯುವಾಗ ಬಿರಿದು ಉಂಟಾದ ಕಂಬದಂಥ ಬಂಡೆಗಳು ದಡದುದ್ದಕ್ಕೂ ಸಾಲಾಗಿ ನಿಂತಿವೆ, ಹಲವಕ್ಕೆ ಐದು, ಆರು ಮುಖ. ಮಡಗಾಸ್ಕರ್ ಭಾರತದಿಂದ ಬೇರೆಯಾದ ಕಾಲದ ಕಲ್ಲುಗಳಿವು ಎಂದು ಭೂವಿಜ್ಞಾನಿಗಳು ಹೇಳುತ್ತಾರೆ. ಮೊದಲ ದಿನ ಹಳೇಬೀಡಿನಲ್ಲಿ ಬಳಪದ ಕಲ್ಲನ್ನು ಮುಟ್ಟಿ ನೋಡಿದ ಮಗಳು ಇದನ್ನೂ ಮುಟ್ಟಿ ನೋಡಲಿ. ನೀರು ತಾಗುವ ಕಡೆ ಬಂಡೆ ಜಾರುತ್ತದೆ, ಚಿಪ್ಪಿನ ಚೂರು ಕಾಲಿಗೆ ಚುಚ್ಚುತ್ತದೆ, ಚಪ್ಪಲಿ ಬಿಡಿಸಬೇಡಿ. ಈಜು ಗುರುತು ಹಾಕಿದ ಜಾಗದಲ್ಲಿ ಮಾತ್ರ. ಬಯಲುಸೀಮೆಯಿಂದ ಬಂದವರಿಗೆ ಅಲೆ ಆಟವೆನಿಸುತ್ತದೆ, ಹಿಂದಕ್ಕೆ ಎಳೆಯುವ ಸೆಳೆತ ಕಣ್ಣಿಗೆ ಕಾಣುವುದಿಲ್ಲ.

ಊಟದ ವಿಷಯ ಹೇಳಲೇಬೇಕು. ಜೋಳದ ರೊಟ್ಟಿ ತಿಂದು ಬೆಳೆದ ಹಿರಿಯರಿಗೆ ಕರಾವಳಿಯ ಕುಚ್ಚಲಕ್ಕಿ ಅನ್ನ ಒಮ್ಮೆಲೇ ಒಗ್ಗದಿರಬಹುದು. ಹೋಟೆಲಿನಲ್ಲಿ ಬೆಳ್ತಿಗೆ ಅನ್ನ ಎಂದು ಕೇಳಿದರೆ ಬಿಳಿ ಅನ್ನ ತರುತ್ತಾರೆ. ಬೆಳಗಿನ ತಿಂಡಿಗೆ ನೀರುದೋಸೆ, ಸಂಜೆಗೆ ಗೋಳಿಬಜೆ, ಬನ್ಸ್ ಎಲ್ಲರಿಗೂ ಹಿಡಿಸುತ್ತವೆ. ರಾತ್ರಿ ಹತ್ತಿರದಲ್ಲಿ ಎಲ್ಲಾದರೂ ಯಕ್ಷಗಾನವಿದೆಯೇ ಎಂದು ಹೋಟೆಲಿನವರನ್ನು ವಿಚಾರಿಸಿ. ಡಿಸೆಂಬರಿನಲ್ಲಿ ಮೇಳಗಳು ತಿರುಗಾಟ ಶುರುಮಾಡಿರುತ್ತವೆ, ಬಯಲಾಟಕ್ಕೆ ಟಿಕೆಟ್ ಇರುವುದಿಲ್ಲ. ಚೆಂಡೆಯ ಪೆಟ್ಟಿಗೆ ಪ್ರವೇಶವಾಗುವ ಒಂದು ಬಣ್ಣದ ವೇಷವನ್ನು ಮಗು ನೋಡಿದರೂ ಸಾಕು, ಬೆಳಗಿನವರೆಗೆ ಕೂರಬೇಕಿಲ್ಲ.

ಐದನೆಯ ದಿನ ಬೆಳಗ್ಗೆ ಏನೂ ಇಟ್ಟುಕೊಳ್ಳಬೇಡಿ. ಸಮುದ್ರದ ದಡದಲ್ಲಿ ಕುಳಿತಿರಿ, ತಂದೆತಾಯಿ ಮಲಗಲಿ. ಊಟ ಹಗುರವಾಗಿರಲಿ, ಮಧ್ಯಾಹ್ನ ಹೆಬ್ರಿ, ಸೋಮೇಶ್ವರದ ಮೇಲೆ ಆಗುಂಬೆ ಘಟ್ಟ ಹತ್ತಿ. ಹದಿನಾಲ್ಕು ತಿರುವುಗಳಿವೆ, ಒಂದೊಂದೂ ಕಡಿದಾದದ್ದು. ದೊಡ್ಡ ಬಸ್, ಲಾರಿಗಳಿಗೆ ಪ್ರವೇಶವಿಲ್ಲ. ವಾಂತಿಯಾಗುವ ಮಗುವಿಗೆ ಮೊಬೈಲ್ ಕೊಡಬೇಡಿ. ಕಿಟಕಿ ಇಳಿಸಿ, ದೂರ ನೋಡಿಸಿ. ಹತ್ತುವಾಗ ಹತ್ತುವವರಿಗೇ ಮೊದಲು ದಾರಿ ಎಂಬುದು ಘಟ್ಟದ ಶಿಸ್ತು. ಹೊರಗಿನ ಚಾಲಕರಿಗೆ ಇದನ್ನು ಮೊದಲೇ ಹೇಳಿ. ಮೇಲಿನ ತಿರುವಿನಲ್ಲಿ ಸೂರ್ಯಾಸ್ತ ನೋಡುವ ಕಟ್ಟೆಯಿದೆ. ಮಂಜು ಕವಿದರೆ ಕಾಯದೆ ಮುಂದೆ ಹೊರಡಿ. ಶೃಂಗೇರಿಗೆ ಅಲ್ಲಿಂದ ಮೂವತ್ತು ಕಿಲೋಮೀಟರಿನ ಒಳಗಿನ ದಾರಿ, ರಾತ್ರಿ ಅಲ್ಲೇ ಉಳಿಯಿರಿ.

ಶೃಂಗೇರಿಯಲ್ಲಿ ಬೆಳಗ್ಗೆ ತುಂಗೆಯ ಮೆಟ್ಟಿಲ ಬಳಿ ಮೀನುಗಳನ್ನು ನೋಡಿ, ವಿದ್ಯಾಶಂಕರ ದೇವಾಲಯದ ಹನ್ನೆರಡು ರಾಶಿಕಂಬಗಳನ್ನು ನೋಡಿ, ಪ್ರಸಾದ ಮುಗಿಸಿ ಚಿಕ್ಕಮಗಳೂರಿನ ಕಡೆ ಹೊರಡಿ. ಹೊರನಾಡನ್ನೂ ಸೇರಿಸುವಿರಾ ಎಂದರೆ ನಾನು ಬೇಡ ಎನ್ನುತ್ತೇನೆ. ಆ ದಿನ ನೀವು ಕಾಫಿ ತೋಟದಲ್ಲಿ ಬಿಸಿಲಿರುವಾಗಲೇ ಇರಬೇಕು. ಡಿಸೆಂಬರ್ ಅರೇಬಿಕಾ ಕೊಯ್ಲಿನ ಕಾಲ. ತೋಟದೊಳಗೇ ಇರುವ ಹೋಂಸ್ಟೇ ಹಿಡಿದರೆ ಸಂಜೆ ಕೊಯ್ದು ತಂದ ಹಣ್ಣನ್ನು ತೂಗುವುದು, ಸಿಪ್ಪೆ ಸುಲಿಯುವ ಯಂತ್ರವಾದ ಪಲ್ಪರ್‌ಗೆ ಹಾಕುವುದು, ಕಣದಲ್ಲಿ ಹರವಿ ಎಳೆಯುವುದು ಎಲ್ಲವನ್ನೂ ನೋಡಬಹುದು. ಮಾಲೀಕರನ್ನು ಕೇಳಿ ಕೆಂಪಾದ ಒಂದು ಹಣ್ಣನ್ನು ಮಗಳ ಕೈಯಲ್ಲಿ ಹಿಸುಕಿಸಿ: ಎರಡು ಬೀಜ ಮುಖಾಮುಖಿ ಅಂಟಿಕೊಂಡು ಹೊರಗೆ ಜಾರುತ್ತವೆ, ಮೇಲಿನ ಲೋಳೆ ಸಿಹಿಯಾಗಿರುತ್ತದೆ. ಕಾಫಿಯ ಕಹಿ ಹುರಿದ ಮೇಲೆ ಬರುವುದೆಂದು ಆಗ ಗೊತ್ತಾಗುತ್ತದೆ. ಕೊಯ್ಲಿನವರ ಕೆಲಸಕ್ಕೆ ಅಡ್ಡ ನಿಂತು ಫೋಟೊ ತೆಗೆಯಬೇಡಿ, ಅವರಿಗೆ ಕೂಲಿ ಹಲವೆಡೆ ಕೊಯ್ದ ತೂಕದ ಮೇಲೆ.

ಏಳನೆಯ ದಿನ ಮುಂಜಾನೆ ಮುಳ್ಳಯ್ಯನಗಿರಿ. ಕರ್ನಾಟಕದಲ್ಲಿ ಇದಕ್ಕಿಂತ ಎತ್ತರದ ಶಿಖರವಿಲ್ಲ. ಗಿರಿಗೆ ಹೋಗುವ ವಾಹನಗಳಿಗೆ ಈಗ ಮುಂಗಡ ಆನ್‌ಲೈನ್ ನೋಂದಣಿಯ ವ್ಯವಸ್ಥೆ ತಂದಿದ್ದಾರೆ. ಬೆಳಗಿನ ಪಾಳಿಗೆ ಮಾಡಿಸಿ. ತಂದೆತಾಯಿ ಸೀತಾಳಯ್ಯನಗಿರಿಯ ದೇವಸ್ಥಾನದ ಬಳಿ ಇರಲಿ, ನೀವು ಮೂವರು ಮೇಲೆ ಹೋಗಿ ಬನ್ನಿ. ಮಾರ್ಗಶಿರ ಹುಣ್ಣಿಮೆಗೆ ಇದೇ ಬೆಟ್ಟಸಾಲಿನ ದತ್ತಪೀಠದಲ್ಲಿ ದತ್ತ ಜಯಂತಿ. ಅದರ ಹಿಂದೆಮುಂದೆ ಕೆಲವು ದಿನ ಈ ಬೆಟ್ಟಸಾಲಿಗೆ ಪ್ರವಾಸಿಗರನ್ನು ಬಿಡುವುದಿಲ್ಲ. ನಿಮ್ಮ ದಿನಾಂಕ ಅದಕ್ಕೆ ತಾಗಿದರೆ ಪ್ರವಾಸವನ್ನೇ ಒಂದು ವಾರ ಸರಿಸಿ. ಡಿಸೆಂಬರ್ 20ರ ನಂತರ ಬೆಂಗಳೂರಿನ ಕಾರುಗಳೆಲ್ಲ ಇಲ್ಲೇ ಇರುತ್ತವೆ, ಆದ್ದರಿಂದ ತಿಂಗಳ ಮೊದಲರ್ಧವೇ ಲೇಸು, ಅದೂ ಗಿರಿಯ ದಿನ ಶನಿವಾರ, ಭಾನುವಾರ ಬಾರದಂತೆ. ಚಿಕ್ಕಮಗಳೂರಿನಿಂದ ಹಾಸನ ಅರವತ್ತು ಕಿಲೋಮೀಟರಿನಷ್ಟು. ಹತ್ತು ಗಂಟೆಯೊಳಗೆ ಬೆಟ್ಟ ಇಳಿದರೆ ರೈಲಿಗೆ ಧಾವಂತವಿಲ್ಲ.

ನಿಮ್ಮ ದಿನಾಂಕಗಳನ್ನು ಇಲ್ಲೇ ಬರೆಯಿರಿ. ಹಗಲು ರೈಲು ಯಾವ ದಿನ ಸಿಗುತ್ತದೆ, ಷಷ್ಠಿ ಮತ್ತು ಹುಣ್ಣಿಮೆ ಎಂದು ಬರುತ್ತವೆ ಎಂಬುದನ್ನು ನೋಡಿ, ಸುತ್ತನ್ನು ತಿರುಗಿಸಿ ಮೊದಲು ಚಿಕ್ಕಮಗಳೂರು ಮಾಡಬೇಕೇ ಎಂದು ಹೇಳುತ್ತೇನೆ. ಆಗ ಆಗುಂಬೆಯಲ್ಲಿ ಇಳಿದು ಶಿರಾಡಿಯಲ್ಲಿ ಹತ್ತಬೇಕಾಗುತ್ತದೆ, ಅದೂ ಆಗದ ಮಾತೇನಲ್ಲ.